ಊರು ಬಿಡದೆ ಜರ್ಮನ್ ಕಲಿಯಬಹುದೆ?

ಪರಭಾಷೆಯೊಂದು ಚೆನ್ನಾಗಿ ಬರಬೇಕಾದರೆ ಆ ಭಾಷೆಯನ್ನಾಡುವ ನಾಡಿನಲ್ಲಿ ಕೆಲವು ವರ್ಷವಾದರೂ ಇದ್ದು ಬರಬೇಕೆಂಬುದು ನಮ್ಮಲ್ಲಿ ಬಲವಾಗಿ ಬೇರೂರಿರುವ ನಂಬಿಕೆ. ನೀರಿಗಿಳಿಯದವನಿಗೆ ಈಜು ಬಾರದೆಂಬ ಮಾತನ್ನು ಅದಕ್ಕೆ ಆಧಾರವಾಗಿ ಹೇಳುವುದೂ ಉಂಟು. ಈ ನಂಬಿಕೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಬೈಲಹೊಂಗಲ ತಾಲ್ಲೂಕಿನ ನೇಸರಗಿಯಂಥ ಊರಿನಲ್ಲಿ ಕುಳಿತು ಭೌತಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಓದುತ್ತಿರುವ ವಿದ್ಯಾರ್ಥಿಗೆ ಈ ಮಾತನ್ನು ಹೇಳಿದರೆ, ಬಾಗಿಲು ಮುಚ್ಚಿ ಅಗುಳಿ ಹಾಕಿದಂತೆಯೇ ಆಗುತ್ತದೆ. ಜರ್ಮನಿಗೆ ಹೋಗುವಷ್ಟು ಹಣ ಅವನಲ್ಲಿಲ್ಲ. ಜರ್ಮನ್ ಬಲ್ಲವರು ಅವನ ಓಣಿಯಲ್ಲಿಲ್ಲ. ಹಾಗಾದರೆ ಅವನು ಆ ಆಸೆಯನ್ನೇ ಬಿಡಬೇಕೆ?

ಇದು ಕೇವಲ ಹವ್ಯಾಸದ ಪ್ರಶ್ನೆಯಲ್ಲ. ಜರ್ಮನ್ ಮಾಧ್ಯಮದಲ್ಲಿ ಉಚ್ಚ ಶಿಕ್ಷಣ ಪಡೆಯಬಯಸುವವನು ಆ ಭಾಷೆ ತನಗೆ ಬರುತ್ತದೆಂಬುದನ್ನು ಪ್ರವೇಶಕ್ಕೆ ಮೊದಲೇ ತೋರಿಸಬೇಕು. ಅಲ್ಲಿಯ ಆಸ್ಪತ್ರೆಗಳಲ್ಲಿ ದಾದಿಯಾಗಿ ದುಡಿಯಬಯಸುವವಳಿಗೂ ಜರ್ಮನ್ ಬೇಕು. ಜರ್ಮನಿಯಲ್ಲಿರುವ ಗಂಡನನ್ನು ಸೇರಲು ಹೊರಟ ಹೆಣ್ಣುಮಗಳು ಸಹ, 2007ರಿಂದೀಚೆಗೆ, ಸಾಮಾನ್ಯವಾಗಿ ಮೊದಲ ಮೆಟ್ಟಿಲಿನ ಪರೀಕ್ಷೆಯನ್ನು ಊರಿನಲ್ಲಿದ್ದಾಗಲೇ ಮುಗಿಸಿಕೊಳ್ಳಬೇಕಾಗಿದೆ. ಅಂದರೆ, ಹೋದ ಮೇಲೆ ಕಲಿಯುತ್ತೇನೆಂದು ಹೇಳುವಂತಿಲ್ಲ. ಕಲಿತ ಮೇಲೆಯೇ ಹೋಗಬೇಕು. ಆದುದರಿಂದ ಪರದೇಶಕ್ಕೆ ಹೋಗದೆ ಪರಭಾಷೆಯನ್ನು ಕಲಿಯುವ ಬಗೆ ಯಾವುದೆಂಬುದನ್ನು ವೈಜ್ಞಾನಿಕವಾಗಿ ವಿಚಾರಿಸುವುದು ಅವಶ್ಯಕವಾಗಿದೆ.

ಪರನಾಡಿನ ವಾಸ ಕೊಡುವುದೇನು?

ಮೊದಲಿಗೆ, ಪರನಾಡಿನಲ್ಲಿರುವುದರಿಂದ ನಿಜವಾಗಿ ದೊರೆಯುವುದು ಏನೆಂಬುದನ್ನು ಬಿಡಿಸಿ ನೋಡೋಣ. ಅಲ್ಲಿಯ ಗಾಳಿಯಲ್ಲಾಗಲಿ ನೀರಿನಲ್ಲಾಗಲಿ ವ್ಯಾಕರಣವಿಲ್ಲ. ಬೆಳಗಾವಿಯಲ್ಲಿ ಮರಾಠಿ ನೆರೆಹೊರೆಯವರೊಡನೆ ಮೂವತ್ತು ವರ್ಷ ಬಾಳಿಯೂ ಆ ಭಾಷೆಯಲ್ಲಿ ನಾಲ್ಕು ವಾಕ್ಯ ನೆಟ್ಟಗೆ ಆಡಲಾರದ ಕನ್ನಡಿಗರಿದ್ದಾರೆ. ಮರಾಠಿಯನ್ನು ಮನೆಮಾತಿನಂತೆ ಆಡುವ ಕನ್ನಡಿಗರೂ ಇದ್ದಾರೆ. ಊರು ಒಂದೇ, ಫಲ ಬೇರೆ. ಇದರಿಂದ ತಿಳಿಯುವುದೇನೆಂದರೆ, ಊರು ಭಾಷೆಯನ್ನು ಕೊಡುವುದಿಲ್ಲ, ಅವಕಾಶವನ್ನು ಮಾತ್ರ ಕೊಡುತ್ತದೆ.

ಆ ಅವಕಾಶದಲ್ಲಿ ಮೂರು ಅಂಶಗಳಿವೆ. ಭಾಷೆ ದಿನವೆಲ್ಲ ಕಿವಿಗೆ ಬೀಳುತ್ತಿರುತ್ತದೆ ಎಂಬುದು ಒಂದು. ತಪ್ಪಿದಾಗ ತಿದ್ದುವವರು ಬಳಿಯಲ್ಲೇ ಇರುತ್ತಾರೆ ಎಂಬುದು ಎರಡನೆಯದು. ಅಂಗಡಿಯಲ್ಲಿ ಉಪ್ಪು ಕೊಳ್ಳಬೇಕಾದರೂ ಆ ಭಾಷೆಯೇ ಬೇಕೆಂಬ ಅನಿವಾರ್ಯತೆ ಮೂರನೆಯದು. ಶ್ರವಣ, ತಿದ್ದುಪಡಿ, ಅಗತ್ಯ: ಈ ಮೂರನ್ನು ಊರಿನಲ್ಲಿಯೇ ಒದಗಿಸಿಕೊಳ್ಳಲು ಸಾಧ್ಯವಾದರೆ ಪರದೇಶದ ಬಹುಭಾಗವನ್ನು ಮನೆಗೆ ತಂದುಕೊಂಡಂತಾಯಿತು.

ಇತಿಹಾಸದಲ್ಲಿ ಎರಡು ಬಗೆಯ ನಿದರ್ಶನಗಳೂ ಇವೆ. ಕನ್ನಡಿಗರಿಗೆಲ್ಲ ಪರಿಚಿತರಾದ ಫರ್ಡಿನಂಡ್ ಕಿಟೆಲ್ಲರು 1853ರಲ್ಲಿ ಜರ್ಮನಿಯಿಂದ ಇಲ್ಲಿಗೆ ಬಂದು, ಧಾರವಾಡ, ಹುಬ್ಬಳ್ಳಿ, ಮಂಗಳೂರು ಮೊದಲಾದೆಡೆಗಳಲ್ಲಿ ಬಾಳಿ, ಜನರ ನಡುವೆ ಓಡಾಡಿ ಕನ್ನಡವನ್ನು ಕಲಿತರು. ಸುಮಾರು 70,000 ಪದಗಳ ಅವರ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇದು ನಾಡಿನಲ್ಲಿದ್ದು ಕಲಿತುದರ ಫಲ. ಇದಕ್ಕೆ ಪ್ರತಿಯಾಗಿ ಇನ್ನೊಬ್ಬ ಜರ್ಮನ್ ವಿದ್ವಾಂಸ ಮ್ಯಾಕ್ಸ್ ಮುಲ್ಲರ್ ಇದ್ದಾನೆ. ಲೈಪ್‌ತ್ಸಿಗ್, ಬರ್ಲಿನ್, ಪ್ಯಾರಿಸ್ ನಗರಗಳಲ್ಲಿ ಸಂಸ್ಕೃತವನ್ನು ಕಲಿತ ಈತ, ವಿಜಯನಗರದ ಅರಸರ ಆಶ್ರಯದಲ್ಲಿ ಸಾಯಣಾಚಾರ್ಯರು ಬರೆದ ಭಾಷ್ಯದೊಡನೆ ಋಗ್ವೇದವನ್ನು 1849ರಿಂದ 1874ರವರೆಗೆ ಸಂಪಾದಿಸಿ ಪ್ರಕಟಿಸಿದ. ಆದರೆ ಭಾರತದ ನೆಲವನ್ನು ಅವನು ಒಮ್ಮೆಯೂ ಮೆಟ್ಟಲಿಲ್ಲ. ನಮ್ಮ ದೇಶದಲ್ಲಿ ಜರ್ಮನ್ ಭಾಷೆಯನ್ನು ಕಲಿಸುವ ಗಯಟೆ ಸಂಸ್ಥೆಯ ಶಾಖೆಗಳಿಗೆ ಮ್ಯಾಕ್ಸ್ ಮುಲ್ಲರ್ ಭವನ ಎಂದು ಹೆಸರಿಟ್ಟಿರುವುದು ಎಷ್ಟು ಉಚಿತವೆಂಬುದನ್ನು ವಾಚಕರೇ ಊಹಿಸಬಹುದು. ದೂರದ ನಾಡಿನ ಭಾಷೆಯನ್ನು ದೂರದಿಂದಲೇ ಕಲಿತವನ ಹೆಸರು ಅದು!

ಕಲ್ಕತ್ತೆಯ ಇಬ್ಬರು ಯುವಕರು

ಸಂಸ್ಕೃತದ ಮಾತು ಬೇರೆ, ಅದು ಗ್ರಂಥಗಳಲ್ಲಿ ನೆಲೆನಿಂತ ಭಾಷೆ, ಎಂದು ಯಾರಾದರೂ ಆಕ್ಷೇಪಿಸಬಹುದು. ಅದಕ್ಕೆ ಉತ್ತರವಾಗಿ ನಮ್ಮ ದೇಶದ ಇಬ್ಬರು ಭೌತವಿಜ್ಞಾನಿಗಳ ಕಥೆಯನ್ನು ಹೇಳಬೇಕಾಗಿದೆ.

ಮೇಘನಾದ ಸಹಾ ಢಾಕಾದ ಸಮೀಪದ ಹಳ್ಳಿಯೊಂದರಲ್ಲಿ 1893ರಲ್ಲಿ ಹುಟ್ಟಿದರು. ತಂದೆ ಸಣ್ಣ ಕಿರಾಣಿ ಅಂಗಡಿಯವರು. ಢಾಕಾ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದಾಗ ಸಹಾ ಜರ್ಮನ್ ಭಾಷೆಯನ್ನು ಹೆಚ್ಚುವರಿ ವಿಷಯವಾಗಿ ಆರಿಸಿಕೊಂಡರು. ವಿಯೆನ್ನಾದಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟ್ ಪಡೆದು ಬಂದಿದ್ದ ಅಧ್ಯಾಪಕರೊಬ್ಬರು ಅದನ್ನು ಕಲಿಸಿದರು. ಮುಂದೆ ಸಹಾ ಮತ್ತು ಅವರ ಸಹಪಾಠಿ ಸತ್ಯೇಂದ್ರನಾಥ ಬೋಸ್, ಇಬ್ಬರೂ ಕಲ್ಕತ್ತ ವಿಶ್ವವಿದ್ಯಾಲಯದ ವಿಜ್ಞಾನ ಕಾಲೇಜಿನಲ್ಲಿ ಅಧ್ಯಾಪಕರಾದರು. ಆಗ ಜಗತ್ತಿನಲ್ಲಿ ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. ಕ್ವಾಂಟಮ್ ಸಿದ್ಧಾಂತ, ಸಾಪೇಕ್ಷತಾ ಸಿದ್ಧಾಂತ ಮೊದಲಾದ ಹೊಸ ಭೌತಶಾಸ್ತ್ರವೆಲ್ಲ ಬಹುಮಟ್ಟಿಗೆ ಜರ್ಮನ್ ಭಾಷೆಯಲ್ಲಿಯೇ ಇತ್ತು. ಯುದ್ಧದ ಕಾರಣ ಜರ್ಮನ್ ಪತ್ರಿಕೆಗಳು ಭಾರತಕ್ಕೆ ಬರುವುದು ನಿಂತಿತ್ತು. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಪಾಠ ಹೇಳಬೇಕಾದರೆ ಈ ತರುಣ ಅಧ್ಯಾಪಕರು ಮೊದಲು ತಾವೇ ಅದನ್ನು ಓದಿ ತಿಳಿಯಬೇಕಾಗಿತ್ತು. ಶಿಬಪುರದ ಎಂಜಿನಿಯರಿಂಗ್ ಕಾಲೇಜಿನಲ್ಲಿದ್ದ ಬ್ರ್ಯೂಲ್ ಎಂಬ ಜರ್ಮನ್ ಪ್ರಾಧ್ಯಾಪಕರ ಸ್ವಂತ ಗ್ರಂಥಸಂಗ್ರಹದಿಂದ ಪುಸ್ತಕಗಳನ್ನು ಎರವಲು ತಂದು ಅವರು ಓದಿದರು.

ಈ ಅಭ್ಯಾಸದ ಫಲವಾಗಿ ಐನ್‌ಸ್ಟೈನ್ ಮತ್ತು ಮಿಂಕೋವ್‌ಸ್ಕಿಯವರ ಸಾಪೇಕ್ಷತಾ ಪ್ರಬಂಧಗಳನ್ನು ಜರ್ಮನ್ನಿನಿಂದ ಇಂಗ್ಲಿಷಿಗೆ ಭಾಷಾಂತರಿಸಿದ ಗ್ರಂಥವೊಂದು 1920ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಿಂದ ಪ್ರಕಟವಾಯಿತು. ಭಾಷಾಂತರಕಾರರು ಸಹಾ ಮತ್ತು ಬೋಸ್. ಚಾರಿತ್ರಿಕ ಪೀಠಿಕೆ ಬರೆದವರು ಪ್ರಶಾಂತಚಂದ್ರ ಮಹಾಲನೋಬಿಸ್. ಆ ಪ್ರಬಂಧಗಳ ಮೊಟ್ಟಮೊದಲ ಇಂಗ್ಲಿಷ್ ಅನುವಾದಗಳಲ್ಲಿ ಇದು ಸೇರಿದೆ. ಆಗಿನ್ನೂ ಅನುವಾದಕರಿಬ್ಬರಲ್ಲಿ ಒಬ್ಬರೂ ಜರ್ಮನಿಯನ್ನು ಕಂಡಿರಲಿಲ್ಲವೆಂಬುದನ್ನು ಗಮನಿಸಬೇಕು. ಸಹಾ ಬರ್ಲಿನ್ನಿಗೆ ಹೋದುದು 1921ರಲ್ಲಿ, ಬೋಸ್ ಹೋದುದು 1925ರಲ್ಲಿ.

ಭಾಷೆ ಬಂದುದರಿಂದ ವಿಜ್ಞಾನಕ್ಕೆ ಆದ ಲಾಭವೇನು? 1919ರಲ್ಲಿ ಜರ್ಮನಿಯ ಭೌತಶಾಸ್ತ್ರ ಪತ್ರಿಕೆಯೊಂದರಲ್ಲಿ ಎಗರ್ಟ್ ಎಂಬ ವಿಜ್ಞಾನಿ, ನಕ್ಷತ್ರಗಳೊಳಗಿನ ಅನಿಲದ ಪರಮಾಣುಗಳು ಕಾವಿನಿಂದ ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳುವುದನ್ನು ಒಂದು ರಾಸಾಯನಿಕ ವಿಭಜನೆಯಂತೆ ಭಾವಿಸಿ ಲೆಕ್ಕ ಮಾಡಿದ್ದರು. ಸಹಾ ಇದನ್ನು ಕಲ್ಕತ್ತೆಯಲ್ಲಿ ಮೂಲದಲ್ಲಿಯೇ ಓದಿದರು. ಪರಮಾಣುವಿನಿಂದ ಒಂದು ಎಲೆಕ್ಟ್ರಾನನ್ನು ಕೀಳಲು ಬೇಕಾಗುವ, ಪ್ರಯೋಗದಿಂದ ಅಳೆಯಬಹುದಾದ ಶಕ್ತಿಯ ಮಹತ್ವವನ್ನು ಎಗರ್ಟ್ ಬಳಸಿಕೊಂಡಿಲ್ಲವೆಂಬುದು ಅವರಿಗೆ ಹೊಳೆಯಿತು. ಅದನ್ನು ಸೇರಿಸಿ ಅವರು ರಚಿಸಿದ ಸಮೀಕರಣವೇ 1920ರಲ್ಲಿ ಪ್ರಕಟವಾದ, ಇಂದಿಗೂ ಖಗೋಳಶಾಸ್ತ್ರದ ಪಠ್ಯಗಳೆಲ್ಲದರಲ್ಲಿ ಕಾಣುವ ಸಹಾ ಸಮೀಕರಣ. ನಕ್ಷತ್ರದ ವರ್ಣಪಟಲವನ್ನು ನೋಡಿ ಅದರ ಉಷ್ಣತೆಯನ್ನು ಹೇಳುವ ಮಾರ್ಗ ಇದರಿಂದ ತೆರೆಯಿತು. ನಾಲ್ಕು ವರ್ಷಗಳ ನಂತರ, 1924ರಲ್ಲಿ, ಬೋಸರು ತಮ್ಮ ಪ್ರಬಂಧವನ್ನು ಢಾಕಾದಿಂದ ಐನ್‌ಸ್ಟೈನರಿಗೆ ಕಳುಹಿಸಿದಾಗ ಅದನ್ನು ಐನ್‌ಸ್ಟೈನರೇ ಜರ್ಮನ್ನಿಗೆ ಭಾಷಾಂತರಿಸಿ ಪ್ರಕಟಿಸಿದುದು ವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಅನುವಾದದ ಸಾಲವನ್ನು ಅನುವಾದದಿಂದಲೇ ತೀರಿಸಿದಂತಾಯಿತು!

ಈ ಇಬ್ಬರಿಗೆ ಅಗತ್ಯವಿತ್ತು: ಓದದಿದ್ದರೆ ಪಾಠ ಹೇಳುವಂತಿರಲಿಲ್ಲ. ಇನ್ನೊಂದು ಅನುಕೂಲವೂ ಇತ್ತು: ಗಣಿತವು ಅವರಿಗೆ ಮೊದಲೇ ತಿಳಿದಿತ್ತು. ಸಮೀಕರಣಗಳ ನಡುವೆ ಜರ್ಮನ್ ಪದಗಳೇನು ಹೇಳುತ್ತಿರಬೇಕೆಂಬುದನ್ನು ವಿಷಯಜ್ಞಾನವೇ ಅರ್ಧ ತಿಳಿಸುತ್ತಿತ್ತು. ತಿಳಿದ ವಿಷಯವೇ ತಿಳಿಯದ ಭಾಷೆಗೆ ಗುರುವಾಗುತ್ತದೆಂಬ ಈ ಸೂತ್ರವನ್ನು ನೆನಪಿನಲ್ಲಿಡೋಣ.

ಕನ್ನಡಿಗನ ಕೈಯಲ್ಲಿರುವ ಬಂಡವಾಳ

ನಮ್ಮಲ್ಲಿ ಜರ್ಮನ್ ಕಲಿಸುವ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನ ಮೂಲಕ ಕಲಿಸುತ್ತವೆ. ಇದರಿಂದ ಜರ್ಮನ್ ವ್ಯಾಕರಣವು ವಿಚಿತ್ರವೆಂಬ ಭಾವನೆ ಹುಟ್ಟುತ್ತದೆ. ಆದರೆ ಇಂಗ್ಲಿಷನ್ನು ಬದಿಗಿಟ್ಟು ಕನ್ನಡದ ಕಡೆಯಿಂದ ನೋಡಿದರೆ ಹಲವು ಕಡೆ ಪರಿಚಿತ ಮುಖಗಳೇ ಕಾಣಿಸುತ್ತವೆ.

ವಿಭಕ್ತಿಗಳನ್ನು ತೆಗೆದುಕೊಳ್ಳಿ. ಮರ, ಮರವನ್ನು, ಮರಕ್ಕೆ, ಮರದ ಎಂದು ನಾವು ಹೇಳುವಲ್ಲಿ ಜರ್ಮನರು ಡೇರ್ ಬೌಮ್, ಡೇನ್ ಬೌಮ್, ಡೇಮ್ ಬೌಮ್, ಡೆಸ್ ಬೌಮೆಸ್ ಎನ್ನುತ್ತಾರೆ. ನಮ್ಮ ಪ್ರತ್ಯಯ ಪದದ ಹಿಂದೆ ಅಂಟಿಕೊಂಡರೆ, ಅವರ ಗುರುತು ಹೆಚ್ಚಾಗಿ ಪದದ ಮುಂದೆ ನಿಲ್ಲುವ ಪುಟ್ಟ ಶಬ್ದದಲ್ಲಿದೆ. ನಮ್ಮಲ್ಲಿ ಏಳು ವಿಭಕ್ತಿಗಳೆಂದು ವ್ಯಾಕರಣ ಹೇಳುತ್ತದೆ, ಅವರಲ್ಲಿ ನಾಲ್ಕೇ. ಚಳಿಯಾದಾಗ ಇಂಗ್ಲಿಷಿನವನು 'ನಾನು ಚಳಿಯಾಗಿದ್ದೇನೆ' ಎಂಬ ರೀತಿಯಲ್ಲಿ ಹೇಳುತ್ತಾನೆ. ಜರ್ಮನನು ಹೇಳುವುದು 'ಮೀರ್ ಇಸ್ಟ್ ಕಾಲ್ಟ್'. 'ಮೀರ್' ಎಂದರೆ 'ನನಗೆ'. ಅಂದರೆ ನಮ್ಮ 'ನನಗೆ ಚಳಿಯಾಗಿದೆ' ಎಂಬ ಚತುರ್ಥೀ ವಾಕ್ಯವೇ ಅದು!

ವಾಕ್ಯದ ಕಟ್ಟಡವನ್ನು ನೋಡಿ. 'ಅವನು ನಾಳೆ ಬೆಳಗಾವಿಗೆ ಬರುತ್ತಾನೆ' ಎಂಬುದು ದೊಡ್ಡ ವಾಕ್ಯವೊಂದರ ಒಳವಾಕ್ಯವಾದಾಗ ಜರ್ಮನ್ನಿನಲ್ಲಿ 'ಡಸ್ ಏರ್ ಮೋರ್ಗನ್ ನಾಖ್ ಬೆಳಗಾವಿ ಕೊಮ್ಟ್' ಎಂದಾಗುತ್ತದೆ. ಮೊದಲನೆಯ ಜೋಡಿಸುವ ಪದವನ್ನು ಬಿಟ್ಟರೆ, ಅವನು, ನಾಳೆ, ಬೆಳಗಾವಿಗೆ, ಬರುತ್ತಾನೆ ಎಂಬುದೇ ಅನುಕ್ರಮ. ಕ್ರಿಯಾಪದ ಕೊನೆಗೆ ಬರುವವರೆಗೆ ಕಾಯುವ ತಾಳ್ಮೆ ಕನ್ನಡಿಗನಿಗೆ ಹುಟ್ಟಿನಿಂದ ಬಂದಿದೆ.

ಇನ್ನು ಜರ್ಮನ್ನಿನ ಉದ್ದುದ್ದ ಪದಗಳು. ಸಮಾಸವನ್ನು ಬಿಡಿಸಲು ಶಾಲೆಯಲ್ಲಿ ಕಲಿತವನು ಅವಕ್ಕೆ ಅಂಜಬೇಕಾಗಿಲ್ಲ. 'ವೆಲ್ಲೆನ್‌ಲೆಂಗೆ' ಎಂದರೆ ಅಲೆಯ ಉದ್ದ. ಎಕ್ಸ್-ಕಿರಣಗಳ ಪಾಠದಲ್ಲಿ ಬರುವ 'ಬ್ರೆಮ್ಸ್‌ಶ್ಟ್ರಾಲುಂಗ್' ಎಂದರೆ, ವೇಗವಾಗಿ ಬರುವ ಎಲೆಕ್ಟ್ರಾನಿಗೆ ತಡೆಯಾದಾಗ ಹೊಮ್ಮುವ ವಿಕಿರಣ: 'ಬ್ರೆಮ್ಸೆ' ಎಂದರೆ ಗಾಡಿಯ ಬ್ರೇಕು, 'ಶ್ಟ್ರಾಲುಂಗ್' ಎಂದರೆ ವಿಕಿರಣ. ಟಂಗ್‌ಸ್ಟನ್ನಿನ ಸಂಕೇತ 'ಡಬ್ಲ್ಯೂ' ಆದುದು ಅದರ ಜರ್ಮನ್ ಹೆಸರು ವೋಲ್ಫ್ರಾಮ್ ಎಂಬುದರಿಂದ. ಪರಮಾಣು ಸಂಖ್ಯೆಯನ್ನು 'ಝಡ್' ಅಕ್ಷರದಿಂದ ಸೂಚಿಸುವುದು 'ತ್ಸಾಲ್', ಅಂದರೆ ಸಂಖ್ಯೆ, ಎಂಬ ಪದದಿಂದ. ವಿಜ್ಞಾನದ ವಿದ್ಯಾರ್ಥಿ ತನಗರಿವಿಲ್ಲದೆಯೇ ಜರ್ಮನ್ ಓದಲು ಆರಂಭಿಸಿಬಿಟ್ಟಿರುತ್ತಾನೆ.

ಬೆಳಗಾವಿ ಸೀಮೆಯವರಿಗೆ ಇನ್ನೂ ಒಂದು ಅನುಕೂಲವುಂಟು. ಇಪ್ಪತ್ತೊಂದಕ್ಕೆ ಜರ್ಮನರು 'ಒಂದು ಮತ್ತು ಇಪ್ಪತ್ತು' ಎಂಬರ್ಥದ ಪದವನ್ನು ಬಳಸುತ್ತಾರೆ. ಇದು ಕನ್ನಡದ ಕ್ರಮಕ್ಕೆ ವಿರುದ್ಧ. ಆದರೆ ಮರಾಠಿಯ 'ಏಕವೀಸ', ಸಂಸ್ಕೃತದ 'ಏಕವಿಂಶತಿ' ಇದೇ ಕ್ರಮದವು. ಸಂತೆಯಲ್ಲಿ ಮರಾಠಿ ಲೆಕ್ಕವನ್ನು ಕೇಳಿ ಬಲ್ಲವನಿಗೆ ಇದು ಹೊಸತಲ್ಲ.

ಕಷ್ಟಗಳೇ ಇಲ್ಲವೆಂದು ಇದರ ಅರ್ಥವಲ್ಲ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ, ಜರ್ಮನ್ನಿನಲ್ಲಿ ಹಾಗಲ್ಲ. ಮಗು ಅಲ್ಲಿಯೂ ನಪುಂಸಕವೇ. ಆದರೆ ಹುಡುಗಿಯೂ ನಪುಂಸಕ! ನಾವು ಪುಲ್ಲಿಂಗದಲ್ಲಿ ಕರೆಯುವ ನೇಸರು ಅವರಿಗೆ ಸ್ತ್ರೀಲಿಂಗ, ಚಂದ್ರ ಪುಲ್ಲಿಂಗ. ಆದುದರಿಂದ ಪ್ರತಿಯೊಂದು ನಾಮಪದವನ್ನೂ ಅದರ ಮುಂದಿನ ಡೇರ್, ಡೀ, ಡಸ್ ಎಂಬ ಗುರುತಿನೊಡನೆಯೇ ಕಲಿಯಬೇಕು. ಕೆಲವು ಕ್ರಿಯಾಪದಗಳು ಎರಡು ತುಂಡಾಗಿ, ಒಂದು ತುಂಡು ವಾಕ್ಯದ ತುದಿಗೆ ಹೋಗಿ ನಿಲ್ಲುತ್ತದೆ. ಇದಕ್ಕೆ ಕನ್ನಡದಲ್ಲಿ ಸಮಾನವಾದುದಿಲ್ಲ, ಅಭ್ಯಾಸವೊಂದೇ ದಾರಿ.

ನಾಲಗೆ, ತುಟಿ ಮತ್ತು ಕಿವಿ

ಜರ್ಮನ್ ಕಾಗುಣಿತವು ಇಂಗ್ಲಿಷಿಗಿಂತ ಬಹಳ ನಿಯಮಬದ್ಧವಾದುದು. ಕೆಲವು ಸೂತ್ರಗಳನ್ನು ಕಲಿತರೆ ಕಂಡ ಪದವನ್ನು ಓದಬಹುದು. ಫೋಲ್ಕ್ಸ್‌ವಾಗನ್ ಎಂಬ ಮೋಟಾರಿನ ಹೆಸರೊಂದರಲ್ಲಿಯೇ ಎರಡು ಪಾಠಗಳಿವೆ: 'ವಿ' ಅಕ್ಷರಕ್ಕೆ ಇಲ್ಲಿ ಫಕಾರದ ಧ್ವನಿ, 'ಡಬ್ಲ್ಯೂ' ಅಕ್ಷರಕ್ಕೆ ವಕಾರದ ಧ್ವನಿ. 'ಝಡ್' ಅಕ್ಷರದ ಉಚ್ಚಾರ 'ತ್ಸ'. ಮರಾಠಿಯ 'ಚಾಂಗಲಾ' ಎಂಬ ಪದದ ಮೊದಲ ಧ್ವನಿಯನ್ನು ಕೇಳಿದವರಿಗೆ ಅದು ಸುಲಭ. 'ನಾಖ್' ಎಂಬಲ್ಲಿಯ ಕಂಠಧ್ವನಿ ಉರ್ದುವಿನ 'ಖ಼ಬರ್' ಪದದ ಆರಂಭದಲ್ಲಿದೆ.

ಕನ್ನಡದಲ್ಲಿ ಇಲ್ಲದ ಸ್ವರಗಳು ಎರಡಿವೆ. ಜರ್ಮನರು 'ಯು' ಮತ್ತು 'ಒ' ಅಕ್ಷರಗಳ ಮೇಲೆ ಎರಡು ಚುಕ್ಕೆಯಿಟ್ಟು ಅವನ್ನು ಬರೆಯುತ್ತಾರೆ. ಇವನ್ನು ಹೇಳುವ ಬಗೆಯನ್ನು ಭೌತಶಾಸ್ತ್ರದಿಂದ ತಿಳಿಯಬಹುದು. ಗಂಟಲಿನಿಂದ ತುಟಿಯವರೆಗಿನ ದಾರಿ ಸುಮಾರು 17 ಸೆಂಟಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆಯಂತೆ. ಇಂಥ ಕೊಳವೆಯ ಅನುನಾದಗಳು ಸುಮಾರು 500, 1500, 2500 ಆವೃತ್ತಿಗಳಲ್ಲಿ ಬೀಳುತ್ತವೆಂದು ಶಬ್ದಶಾಸ್ತ್ರದ ಪಾಠದಿಂದ ಲೆಕ್ಕ ಮಾಡಬಹುದು. ನಾಲಗೆಯನ್ನೂ ತುಟಿಯನ್ನೂ ಚಲಿಸಿ ನಾವು ಈ ಅನುನಾದಗಳನ್ನು ಮೇಲೆ ಕೆಳಗೆ ಸರಿಸುತ್ತೇವೆ. ಅ, ಈ, ಊ ಎಂಬ ಭೇದವೆಲ್ಲ ಇದರಿಂದಲೇ. 'ಈ' ಎನ್ನುವಾಗ ನಾಲಗೆ ಮುಂದಿರುತ್ತದೆ, ಎರಡನೆಯ ಅನುನಾದ ಬಹಳ ಮೇಲಿರುತ್ತದೆ. ಈಗ ನಾಲಗೆಯನ್ನು ಅಲ್ಲಿಯೇ ಇಟ್ಟು, ತುಟಿಗಳನ್ನು ಮಾತ್ರ 'ಊ' ಎನ್ನುವಂತೆ ದುಂಡಗೆ ಮಾಡಿ. ಕೊಳವೆ ತುಸು ಉದ್ದವಾಗಿ, ಬಾಯಿ ಕಿರಿದಾಗಿ, ಅನುನಾದ ಇಳಿಯುತ್ತದೆ. ಕೇಳಿಬರುವುದೇ ಮೊದಲನೆಯ ಸ್ವರ. ಇದೇ ರೀತಿ 'ಏ' ಎಂದು ಹೇಳುತ್ತ ತುಟಿಯನ್ನು 'ಓ' ಎನ್ನುವಂತೆ ದುಂಡಾಗಿಸಿದರೆ ಎರಡನೆಯದು ದೊರೆಯುತ್ತದೆ. ಇದಕ್ಕೆ ಬೇಕಾದ ಉಪಕರಣ ಕನ್ನಡಿಯೊಂದೇ.

ಇನ್ನು ಶ್ರವಣ. ಹಿಂದೆ ಇದು ದೊಡ್ಡ ಅಡಚಣೆಯಾಗಿತ್ತು. ಡಾಯ್ಚೆ ವೆಲ್ಲೆ ಎಂಬ ಜರ್ಮನ್ ಬಾನುಲಿ ಸಂಸ್ಥೆ 1953ರಲ್ಲಿ ಕಿರುತರಂಗ ಪ್ರಸಾರವನ್ನು ಆರಂಭಿಸಿತು. ಇಂದು ಅದೇ ಸಂಸ್ಥೆಯ ದೃಶ್ಯಪಾಠಗಳು ಅಂತರ್ಜಾಲದಲ್ಲಿ ಶುಲ್ಕವಿಲ್ಲದೆ ದೊರೆಯುತ್ತವೆ. ಕೈಯಲ್ಲಿರುವ ಮೊಬೈಲಿನಲ್ಲಿ ಒಂದು ವಾಕ್ಯವನ್ನು ಕೇಳಿ, ಅದನ್ನೇ ಹೇಳಿ, ತನ್ನ ದನಿಯನ್ನು ಮುದ್ರಿಸಿ, ಎರಡನ್ನೂ ಒಂದಾದ ಮೇಲೊಂದು ಹಾಕಿ ಕೇಳಬೇಕು. ಆಡುವಾಗ ಕಾಣದ ತಪ್ಪು ಕೇಳುವಾಗ ಕಾಣುತ್ತದೆ. ತಿದ್ದುಪಡಿಯ ಅರ್ಧ ಕೆಲಸ ಇದರಿಂದಲೇ ಆಗುತ್ತದೆ.

ಮರೆವಿನ ನಿಯಮ

ಮನೆಯಲ್ಲಿ ಕಲಿಯುವವನ ಮುಖ್ಯ ಶತ್ರು ಮರೆವು. ಇದನ್ನು ಮೊದಲು ಅಳೆದವನು ಜರ್ಮನಿಯ ಮನೋವಿಜ್ಞಾನಿ ಹೆರ್ಮನ್ ಎಬಿಂಗ್‌ಹೌಸ್. ಅರ್ಥವಿಲ್ಲದ ಉಚ್ಚಾರಾಂಶಗಳ ಸಾಲುಗಳನ್ನು ತಾನೇ ಬಾಯಿಪಾಠ ಮಾಡಿ, ನಿಯತ ಕಾಲ ಕಳೆದ ಮೇಲೆ ಮತ್ತೆ ಕಲಿತು, ಎರಡನೆಯ ಸಲ ಎಷ್ಟು ಶ್ರಮ ಉಳಿಯಿತೆಂಬುದನ್ನು ಅವನು ಲೆಕ್ಕ ಹಾಕಿದ. 1885ರಲ್ಲಿ ಪ್ರಕಟವಾದ ಅವನ ಫಲಿತಾಂಶಗಳ ಪ್ರಕಾರ, ಸುಮಾರು 20 ನಿಮಿಷಗಳ ನಂತರ ಉಳಿತಾಯ ನೂರಕ್ಕೆ 58. ಒಂದು ಗಂಟೆಯ ನಂತರ 44. ಒಂದು ದಿನದ ನಂತರ 34. ಆರು ದಿನಗಳ ನಂತರ 25. 31 ದಿನಗಳ ನಂತರ 21. ಆಮ್‌ಸ್ಟರ್‌ಡಾಮಿನ ಸಂಶೋಧಕರು ಈ ಪ್ರಯೋಗವನ್ನು ಪುನಃ ಮಾಡಿ 2015ರಲ್ಲಿ ಪ್ರಕಟಿಸಿದಾಗಲೂ ಬಹುಮಟ್ಟಿಗೆ ಇದೇ ವಕ್ರರೇಖೆ ದೊರೆಯಿತು.

ವಿಕಿರಣಶೀಲ ಧಾತುವು ಸಮಾನ ಕಾಲಗಳಲ್ಲಿ ಸಮಾನ ಭಾಗವನ್ನು ಕಳೆದುಕೊಳ್ಳುತ್ತದೆಂದು ನಾವು ಓದಿದ್ದೇವೆ. ಮರೆವು ಹಾಗಲ್ಲ. ಅದು ಮೊದಲ ಗಂಟೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಬಳಿಸಿ, ಆಮೇಲೆ ಕುಂಟುತ್ತ ನಡೆಯುತ್ತದೆ. ಆದುದರಿಂದ ಕಲಿತುದನ್ನು ಆ ದಿನವೇ ಒಮ್ಮೆ, ಮರುದಿನ ಒಮ್ಮೆ, ಆಮೇಲೆ ಅಂತರವನ್ನು ಹೆಚ್ಚಿಸುತ್ತ ಹೋಗಿ ನೆನಪು ಮಾಡಿಕೊಳ್ಳುವುದೇ ಸರಿಯಾದ ಕ್ರಮ. ಎಬಿಂಗ್‌ಹೌಸನೇ ಇನ್ನೊಂದು ಸಂಗತಿಯನ್ನೂ ಕಂಡುಕೊಂಡ: ಒಂದೇ ದಿನ 68 ಸಲ ಓದಿದುದರಿಂದ ಆಗುವ ಪ್ರಯೋಜನ, ಮೂರು ದಿನಗಳಲ್ಲಿ ಹಂಚಿ 38 ಸಲ ಓದಿದುದರಿಂದಲೇ ಆಯಿತು. ದಿನಕ್ಕೆ ಅರ್ಧ ಗಂಟೆ ಓದುವವನೂ, ರವಿವಾರ ಮೂರೂವರೆ ಗಂಟೆ ಓದುವವನೂ ವರ್ಷಕ್ಕೆ ಹಾಕುವ ಹೊತ್ತು ಒಂದೇ, ಸುಮಾರು 180 ಗಂಟೆ. ಆದರೆ ಫಸಲು ಮೊದಲನೆಯವನಿಗೇ ಹೆಚ್ಚು.

ಈ ತತ್ವವನ್ನು ಕೈಗೆಟಕುವ ಉಪಕರಣವಾಗಿ ಮಾಡಿದವನು ಸೆಬಾಸ್ಟಿಯನ್ ಲೈಟ್ನರ್. 1972ರ ತನ್ನ ಜರ್ಮನ್ ಪುಸ್ತಕದಲ್ಲಿ ಅವನು ಐದು ಅರೆಗಳ ಪೆಟ್ಟಿಗೆಯೊಂದನ್ನು ವಿವರಿಸಿದ್ದಾನೆ. ಗೋಕಾಕ ಕರದಂಟಿನ ಖಾಲಿ ಡಬ್ಬಿಗೆ ರಟ್ಟಿನ ನಾಲ್ಕು ಅಡ್ಡಗೋಡೆಗಳನ್ನಿಟ್ಟರೆ ಅದೇ ಸಾಕು. ಹಳೆಯ ಲಗ್ನಪತ್ರಿಕೆಗಳನ್ನು ಚೀಟಿಗಳಾಗಿ ಕತ್ತರಿಸಿ, ಒಂದು ಮಗ್ಗುಲಿಗೆ ಜರ್ಮನ್ ಪದ, ಇನ್ನೊಂದಕ್ಕೆ ಕನ್ನಡ ಅರ್ಥವನ್ನು ಬರೆಯಿರಿ. ಹೊಸ ಚೀಟಿಗಳೆಲ್ಲ ಮೊದಲ ಅರೆಯಲ್ಲಿರಲಿ. ಸರಿಯಾಗಿ ಹೇಳಿದ ಚೀಟಿ ಮುಂದಿನ ಅರೆಗೆ ಹೋಗುತ್ತದೆ. ತಪ್ಪಿದುದು, ಎಷ್ಟೇ ಮುಂದೆ ಹೋಗಿದ್ದರೂ, ಮೊದಲನೆಯದಕ್ಕೆ ಮರಳುತ್ತದೆ. ಮೊದಲ ಅರೆಯನ್ನು ದಿನಾಲೂ, ಎರಡನೆಯದನ್ನು ಎರಡು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ಉಳಿದವನ್ನು ಇನ್ನೂ ವಿರಳವಾಗಿ ತೆಗೆದು ನೋಡಬೇಕು. ಹೀಗೆ ಬಾರದ ಪದಕ್ಕೆ ಹೆಚ್ಚು ಹೊತ್ತು, ಬಂದ ಪದಕ್ಕೆ ಕಡಿಮೆ ಹೊತ್ತು ತಾನಾಗಿಯೇ ಸಲ್ಲುತ್ತದೆ.

ಯಾವ ಪದಗಳನ್ನು ಮೊದಲು ಬರೆಯಬೇಕು? ಶೀಘ್ರಲಿಪಿಯನ್ನು ಸುಧಾರಿಸುವುದಕ್ಕಾಗಿ ಕೇಡಿಂಗ್ ಎಂಬ ಜರ್ಮನನು ಅನೇಕ ಸಹಾಯಕರೊಡನೆ ಸುಮಾರು ಒಂದು ಕೋಟಿ ಹತ್ತು ಲಕ್ಷ ಪದಗಳನ್ನು ಎಣಿಸಿ 1898ರಷ್ಟು ಹಿಂದೆಯೇ ಪಟ್ಟಿ ಮಾಡಿದ್ದಾನೆ. ಇಂಥ ಎಣಿಕೆಗಳೆಲ್ಲ ಹೇಳುವುದೇನೆಂದರೆ, ಯಾವುದೇ ಬರೆವಣಿಗೆಯ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕೆಲವೇ ನೂರು ಪದಗಳು ತುಂಬುತ್ತವೆ. ಅವುಗಳಿಂದ ಆರಂಭಿಸುವುದೇ ಜಾಣತನ.

ಓದು ಮತ್ತು ಪರೀಕ್ಷೆ

ಆರು ತಿಂಗಳ ಸಿದ್ಧತೆಯಾದ ಮೇಲೆ ಓದಲು ತೊಡಗಬೇಕು. ಬೋಸ್, ಸಹಾ ಅವರ ಸೂತ್ರದಂತೆ, ತಿಳಿದ ವಿಷಯವನ್ನೇ ಓದಬೇಕು. ನ್ಯೂಟನ್ನನ ನಿಯಮ, ಓಮನ ನಿಯಮ ಇವು ಕನ್ನಡದಲ್ಲಿ ಚೆನ್ನಾಗಿ ತಿಳಿದಿದ್ದರೆ ಜರ್ಮನ್ ಶಾಲಾಪಠ್ಯದ ಅದೇ ಪಾಠ ಕೈಹಿಡಿದು ನಡೆಸುತ್ತದೆ. ಧೈರ್ಯ ಬಂದ ಮೇಲೆ ಐನ್‌ಸ್ಟೈನರ ಬರೆಹಗಳ ಕಡೆಗೆ ತಿರುಗಬಹುದು. ಅವರ ಸಂಗ್ರಹಿತ ಪತ್ರ, ಪ್ರಬಂಧಗಳ ಸಂಪುಟಗಳನ್ನು, ಜರ್ಮನ್ ಮೂಲ ಮತ್ತು ಇಂಗ್ಲಿಷ್ ಅನುವಾದ ಎರಡನ್ನೂ, 2014ರಿಂದ ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿದ್ದಾರೆ. ಕಲ್ಕತ್ತೆಯ ತರುಣರು ಎರವಲು ತಂದು ಓದಿದ ಗ್ರಂಥಗಳಂಥವು ಇಂದು ನೇಸರಗಿಯ ಹುಡುಗಿಯ ಅಂಗೈಗೂ ಬರುತ್ತವೆ. ಒಂದು ವಾಕ್ಯವನ್ನು ತಾನೇ ಕನ್ನಡಕ್ಕೆ ತಿರುಗಿಸಿ, ಆಮೇಲೆ ಅನುವಾದದೊಡನೆ ತಾಳೆ ನೋಡಿದರೆ ಗುರುವಿಲ್ಲದ ಕಡೆ ಗುರು ದೊರೆತಂತೆ.

ಅಗತ್ಯವೆಂಬ ಮೂರನೆಯ ಅಂಶವನ್ನು ಪರೀಕ್ಷೆಯಿಂದ ಹುಟ್ಟಿಸಿಕೊಳ್ಳಬಹುದು. ಯೂರೋಪಿನ ಭಾಷೆಗಳಿಗೆ ಎ1ರಿಂದ ಸಿ2ರವರೆಗೆ ಆರು ಮೆಟ್ಟಿಲುಗಳನ್ನು ಗೊತ್ತುಪಡಿಸಲಾಗಿದೆ. 1960ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಈ ಪರೀಕ್ಷೆಗಳು ನಡೆಯುತ್ತವೆ. ನಮ್ಮ ಸೀಮೆಯವರಿಗೆ ಪುಣೆಯ ಭವನವೂ ಅನುಕೂಲ. ಒಂದು ದಿನಾಂಕವನ್ನು ನಿಶ್ಚಯಿಸಿಕೊಂಡವನ ಓದಿಗೂ ಎಂದಾದರೂ ಕಲಿತೇನೆನ್ನುವವನ ಓದಿಗೂ ಬಹಳ ಅಂತರವಿದೆ. ಇದಕ್ಕಿಂತ ಒಳ್ಳೆಯ ಉಪಾಯ ಒಬ್ಬ ಜೊತೆಗಾರನನ್ನು ಸಂಪಾದಿಸಿಕೊಳ್ಳುವುದು. ಇಬ್ಬರು ಸೇರಿ ದಿನಕ್ಕೆ ಹತ್ತು ನಿಮಿಷ ಜರ್ಮನ್ನಿನಲ್ಲಿಯೇ ಮಾತನಾಡುವೆವೆಂದು ನಿಯಮ ಮಾಡಿಕೊಂಡರೆ, ಕೆರೆಯ ದಂಡೆಯಾಗಲಿ ಬಸ್ಸಿನ ಪೀಠವಾಗಲಿ ಅಷ್ಟು ಹೊತ್ತು ಜರ್ಮನಿಯಾಗುತ್ತದೆ.

ದೊರೆಯದಿರುವುದು

ಊರಿನಲ್ಲಿ ಕಲಿತವನಿಗೆ ಸಿಗದಿರುವುದೂ ಉಂಟೆಂಬುದನ್ನು ಮುಚ್ಚಿಡಬಾರದು. ಬವೇರಿಯದ ಹಳ್ಳಿಗನ ಆಡುನುಡಿ, ಗುಂಪಿನಲ್ಲಿ ಹಾರಿಬರುವ ಹಾಸ್ಯ, ಫೋನಿನಲ್ಲಿ ಅವಸರದಿಂದ ಆಡಿದ ಮಾತು ಇವೆಲ್ಲ ಅವನಿಗೆ ಮೊದಮೊದಲು ಕಷ್ಟವಾಗುತ್ತವೆ. ಅವುಗಳಿಗೆ ಆ ನಾಡಿನ ಜನರ ಸಹವಾಸವೇ ಬೇಕು. ಪುಸ್ತಕದಿಂದ ಕನ್ನಡ ಕಲಿತು ಬಂದವನಿಗೆ ನಮ್ಮ ಸಂತೆಯ ಮಾತು ಮೊದಲ ದಿನವೇ ಅರ್ಥವಾಗುವುದಿಲ್ಲವಷ್ಟೆ. ಆದರೆ ಆಧಾರವಿಲ್ಲದೆ ಹೋದವನಿಗೆ ವರ್ಷ ಹಿಡಿಯುವ ಕೆಲಸ ಆಧಾರವಿದ್ದು ಹೋದವನಿಗೆ ಕೆಲವು ತಿಂಗಳಲ್ಲಿ ಆಗುತ್ತದೆ. ಹೋಗದೆಯೇ ಉಳಿದವನಿಗೂ ನಷ್ಟವಿಲ್ಲ. ಓದು, ಬರಹ, ನಿಧಾನವಾದ ಮಾತು ಇವು ಅವನ ಸ್ವತ್ತಾಗಿ ಉಳಿಯುತ್ತವೆ.

ನಕ್ಷತ್ರಗಳ ಉಷ್ಣತೆಯನ್ನು ತಿಳಿಸುವ ಸಮೀಕರಣವು ಕಿರಾಣಿ ಅಂಗಡಿಯವರ ಮಗನೊಬ್ಬ ತನ್ನ ದೇಶದಲ್ಲಿಯೇ ಕಲಿತ ಜರ್ಮನ್ನಿನ ಬಲದಿಂದ ಹುಟ್ಟಿತೆಂಬುದನ್ನು ನಮ್ಮ ವಿದ್ಯಾರ್ಥಿಮಿತ್ರರು ಮರೆಯದಿರಲಿ. ಅವರಿಗಿದ್ದುದು ಎರವಲು ಪುಸ್ತಕ ಮತ್ತು ಬಿಡದ ಛಲ. ಪುಸ್ತಕದ ಕೊರತೆ ಇಂದು ತೀರಿದೆ. ಡಬ್ಬಿಯೊಂದನ್ನು ಹುಡುಕಿ, ಚೀಟಿಗಳನ್ನು ಕತ್ತರಿಸಿ, ಈ ಸಂಜೆಯೇ ಹತ್ತು ಪದಗಳನ್ನು ಬರೆದಿಟ್ಟು, ಮಲಗುವ ಮುನ್ನ ಒಮ್ಮೆ ನೋಡಿದರೆ ಮೊದಲ ದಿನದ ಪಾಠ ಮುಗಿಯಿತು.